ಅವ್ವನ ಆಡು

ನಮ್ಮ ಕಡೆಯವರಿಗೂ ಹಕಾರಕ್ಕೂ ಅಷ್ಟಕ್ಕಷ್ಟೆ. ಪಿರಿಯಾಪಟ್ಟಣದಲ್ಲಿ ಕನ್ನಡ ಮೇಷ್ಟ್ರಾಗಿ ನಾನು ಸವೆದದ್ದೇ ಮಕ್ಕಳ 'ಅಳ್ಳಿ'ಗೆ ಹಕಾರ ಹಚ್ಚುವುದರಲ್ಲಿ. ಮನೆಗೆ ಬಂದರೆ ಅವ್ವ, "ಆಲು ಉಕ್ತು ನೋಡ್ಲಾ" ಅನ್ನುತ್ತಿದ್ದಳು. ಹಾಲು ಉಕ್ಕುವಾಗ ವ್ಯಾಕರಣ ಹೇಳುವಷ್ಟು ದಡ್ಡ ನಾನಲ್ಲ.

ಅವ್ವ ಹೋಗಿ ಬಹಳ ವರ್ಷವಾಯಿತು. ಉಳಿದಿರುವುದು ಒಂದು ಕ್ಯಾಸೆಟ್ಟು. ಬೆಟ್ಟದಪುರದ ಮನೆಯ ಜಗಲಿಯಲ್ಲಿ ಹೊಗೆಸೊಪ್ಪು ಕಡ್ಡಿಗೆ ಕಟ್ಟುತ್ತಾ ಅವಳು ಹಾಡಿದ್ದನ್ನು ಅಣ್ಣ ಯಾರದೋ ಟೇಪ್ ರೆಕಾರ್ಡರ್ ತಂದು ಹಿಡಿದಿದ್ದ. ಅವಳ ದನಿ ಇರುವುದು ಅದೊಂದರಲ್ಲೇ. ಎಷ್ಟೋ ವರ್ಷದ ಮೇಲೆ ಈಚೆಗೆ ಹಾಕಿದರೆ ಶುರುವಿನಲ್ಲೇ ಟೇಪು ಸುರುಳಿ ಬಿಚ್ಚಿ ಹೊರಗೆ ಬರತೊಡಗಿತು. ಇನ್ನೊಂದು ಸಲ ಹಾಕಿದರೆ ಅವ್ವ ಪೂರ್ತಿ ಹೋದಳು ಅಂತ ಹೆದರಿ, ಕಾಪಾಡುವವರನ್ನು ಹುಡುಕಿಕೊಂಡು ಹೊರಟೆ.

ಮಗಳಿಗೆ ಗಂಡು ನೋಡುವಾಗಲೂ ಇಷ್ಟು ಪ್ರಶ್ನೆಗಳು ಬಂದಿರಲಿಲ್ಲ. ಒಂದು ಕಡೆ ಕಲಾವಿದರಿಗೆ ಯಾವ ಪ್ರಶಸ್ತಿ ಬಂದಿದೆ ಅಂದರು. ಇನ್ನೊಂದು ಕಡೆ ಹಿಮ್ಮೇಳದಲ್ಲಿ ಏನಿದೆ ಅಂದರು. ಹೊಗೆಸೊಪ್ಪು ಇದೆ ಅಂದೆ. ಕೊನೆಗೆ ಮೈಸೂರಿನ ಒಂದು ಧ್ವನಿ ಭಂಡಾರದವರು, ಪುಣ್ಯಾತ್ಮರು, "ತನ್ನಿ ಸಾರ್" ಅಂದರು. ಕೊಟ್ಟು ಬಂದೆ.

ಸ್ವಲ್ಪ ದಿನಕ್ಕೆ ಅಲ್ಲಿಯ ಹೆಣ್ಣುಮಗಳೊಬ್ಬಳ ಫೋನು. "ಸಾರ್, ನಿಮ್ಮ ತಾಯಿಯವರ ಮೇಕೆ ಯಾವ ತಳಿ? ಪ್ರಾಣಿಗಳ ದನಿ ವಿಭಾಗಕ್ಕೆ ಹಾಕಿದೀವಿ."

ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಹೊಳೆಯಿತು. ಕ್ಯಾಸೆಟ್ಟಿನ ಮೇಲೆ ಅಣ್ಣ ಮಾತಾಡಿದಂತೆಯೇ ಬರೆದಿದ್ದ: 'ಅವ್ವನ ಆಡು'. ಕೇಳುವುದು ಆಮೇಲಂತೆ, ಮೊದಲು ಹೆಸರು ನೋಡಿ ದಾಖಲು ಮಾಡುತ್ತಾರಂತೆ. ನನಗೆ ಸಂಕಟವಾಯಿತು. ಹಾಡು ಹುಡುಕುವವರು ಮೇಕೆಗಳ ಕಡೆ ಯಾಕೆ ಹೋಗುತ್ತಾರೆ? ಅವ್ವನನ್ನು ಉಳಿಸಲು ಹೋಗಿ ಕಳೆದುಕೊಂಡಂತಾಯಿತಲ್ಲ. ಫೋನಿನಲ್ಲೇ ಪಾಠ ಶುರು ಮಾಡಿದೆ. ಹಳಗನ್ನಡದ 'ಪಿರಿಯ' ಈಗ 'ಹಿರಿಯ' ಆದರೂ ನಮ್ಮ ಪಿರಿಯಾಪಟ್ಟಣ ಮಾತ್ರ ಜಪ್ಪಯ್ಯ ಅಂದರೂ ಬದಲಾಗಲಿಲ್ಲಮ್ಮ, ಹಾಗೇ 'ಪಾಡು' 'ಹಾಡು' ಆಗಿ, ನಮ್ಮ ಜನರ ಬಾಯಲ್ಲಿ 'ಆಡು' ಆಯಿತು, ಇದಕ್ಕೆ ನಾಲ್ಕು ಕಾಲಿಲ್ಲ ಅಂದೆ. ಪಾಪ, ತಾಳ್ಮೆಯಿಂದ ಕೇಳಿ ತಿದ್ದುತ್ತೇನೆ ಅಂದಳು.

ಮೊನ್ನೆ ಮತ್ತೆ ಅವಳೇ. "ಟೇಪು ಉಳೀತು ಸಾರ್. ಹಾಡು ಬಾಳ ಚೆನ್ನಾಗಿದೆ. ಆದ್ರೆ ಮಧ್ಯದಲ್ಲಿ ನಿಜವಾಗ್ಲೂ ಒಂದು ಮೇಕೆ ಇದೆ. ತೆಗೆದುಬಿಡ್ಲಾ?"

ಮೊದಲು ಮೊಬೈಲಿಗೆ ಕಳಿಸಮ್ಮ ಅಂದೆ. ಕಳಿಸಿದಳು.

ಸೊಪ್ಪಿನ ಸರಸರ, ಅದರ ಮೇಲೆ ಅವ್ವನ ದನಿ. ಅದೇ ದನಿ. ಕಣ್ಣು ತುಂಬಿಕೊಂಡಿತು. ಎರಡನೇ ನುಡಿಗೆ ಬರುವಾಗ ಮೇಕೆ ಅರಚಿತು. ಅವ್ವ ಹಾಡು ನಿಲ್ಲಿಸಿ, "ಲೇ ಮಗ, ಆಡು ಅಗ್ಗ ಕಿತ್ಕಂಡು ಓಯ್ತಾ ಅದೆ, ಇಡ್ಕಳ್ಲಾ" ಅಂದು, ಬಿಟ್ಟಲ್ಲಿಂದಲೇ ಹಾಡು ಎತ್ತಿಕೊಂಡಳು. ಕೂಗಿದ್ದು ನನ್ನನ್ನೇ, ಅಣ್ಣ ರೆಕಾರ್ಡರ್ ಹಿಡಿದು ಕೂತಿದ್ದನಲ್ಲ. ಹಗ್ಗದ್ದೂ ಹೋಗುವುದರದ್ದೂ ಹಿಡಿಯುವುದರದ್ದೂ ಹಕಾರ ಹಾರಿಹೋಗಿತ್ತು. ಆಡು ಒಂದೇ ಅಲ್ಲಿ ಶುದ್ಧ ಕನ್ನಡ.

ಏನೂ ತೆಗೀಬೇಡಮ್ಮ, ಇದ್ದ ಹಾಗೇ ಇರಲಿ ಅಂತ ಅವಳಿಗೆ ಹೇಳಿದೆ. ಆದರೆ ಅದು ಆಮೇಲೆ. ಮೊದಲು ನನ್ನ ಹೆಂಡತಿ ಅಡುಗೆಮನೆಯಿಂದ ಇಣುಕಿ, "ಇಷ್ಟೊತ್ನಲ್ಲಿ ಎಲ್ಲಿಗ್ರೀ ಹೊರಟ್ರಿ?" ಅಂದಾಗಲೇ ಗೊತ್ತಾಗಿದ್ದು, ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡಿದ್ದೆ.