ಕಾಲು ತಾಗಿದ ಇಟ್ಟಿಗೆ

ಬರ್ಮಿಂಗ್‌ಹ್ಯಾಮಿನ ಹಾರ್ಬೋರ್ನ್ ಬಡಾವಣೆಯ ಸಭಾಂಗಣದಲ್ಲಿ, ಸ್ಲೈಡ್ ಶೋ ಮುಗಿದು ಕುರ್ಚಿ ಸರಿಸುವಾಗ, ಪ್ರೊಜೆಕ್ಟರ್ ಪಕ್ಕ ನೆಲದ ಮೇಲಿಟ್ಟಿದ್ದ ಇಟ್ಟಿಗೆಗೆ ನನ್ನ ಕಾಲು ತಾಗಿತು. ತಕ್ಷಣ ಬಗ್ಗಿ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ.

"ಇಟ್ಟಿಗೆ ಕಣೇ ಅದು! ಎಲ್ಲರೂ ನೋಡ್ತಿದಾರೆ," ಎಂದು ಯಜಮಾನರು ಪಿಸುಗುಟ್ಟಿದರು.

ಕ್ಯಾಲಿಫೋರ್ನಿಯಾದಲ್ಲಿ ಸ್ಪೇನಿನ ಪಾದ್ರಿಗಳು ಮತಪ್ರಚಾರಕ್ಕೆಂದು ಕಟ್ಟಿಸಿದ ಹಳೆಯ ಮಿಷನ್ ಒಂದರ ಇಟ್ಟಿಗೆ ಅದು. ಸುಣ್ಣ ಬಳಿದ ದಪ್ಪ ಗೋಡೆ, ಸಾಲು ಕಮಾನು, ಗಂಟೆ ಗೋಪುರಗಳನ್ನು ಪರದೆಯ ಮೇಲೆ ನೋಡಿ ಎಲ್ಲರೂ ಚಪ್ಪಾಳೆ ತಟ್ಟಿದ್ದೆವು.

ಸ್ಲೈಡ್ ತೋರಿಸಿದಾಕೆ ಬರ್ಮಿಂಗ್‌ಹ್ಯಾಮಿನ ಆಸ್ಪತ್ರೆಯಲ್ಲಿ ನರ್ಸ್, ಹುಟ್ಟಿನಿಂದ ಕ್ಯಾಲಿಫೋರ್ನಿಯಾದ ಮೂಲನಿವಾಸಿ. ಹತ್ತಿರ ಬಂದು, ಹಾಗೇಕೆ ಮಾಡಿದಿರಿ ಎಂದು ಕೇಳಿದರು. ಕಾಲು ತಾಗಿದರೆ ನಮ್ಮಲ್ಲಿ ಹೀಗೆ ಕ್ಷಮೆ ಕೇಳುತ್ತೇವೆ ಎಂದೆ. ಆಕೆ ಇಟ್ಟಿಗೆಯನ್ನೆತ್ತಿ ಮಗುಚಿದರು. ಮಣ್ಣು ಹಸಿಯಿದ್ದಾಗ ಯಾರೋ ಒತ್ತಿದ್ದ ಬೆರಳುಗಳ ಗುರುತು ಅಚ್ಚಳಿಯದೆ ಉಳಿದಿತ್ತು.

"ನಮ್ಮ ಹಿರಿಯರನ್ನ ಊರಿಗೆ ಹೋಗಕ್ಕೂ ಬಿಡದೆ ಅವರ ಕೈಲೇ ಆ ಮಿಷನ್ ಕಟ್ಟಿಸಿದ್ರು. ಸತ್ತವರನ್ನ ಗೋಡೆ ಪಕ್ಕದಲ್ಲೇ ಹೂತ್ರು, ಒಂದು ಹೆಸರೂ ಬರೀಲಿಲ್ಲ," ಎಂದರು ಇಂಗ್ಲಿಷಿನಲ್ಲಿ. "ಎಷ್ಟು ಚೆಂದ ಅಂತ ಎಲ್ಲರೂ ಹೇಳ್ತಾರೆ. ಇದರ ಹತ್ರ ಕ್ಷಮೆ ಕೇಳಿದವರನ್ನ ನಾನು ನೋಡಿದ್ದು ಇವತ್ತೇ."

ಯಜಮಾನರು ಕೈಚಾಚಿ ಆ ಬೆರಳಿನ ಗುರುತನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.

ಮರುವರ್ಷ ರಜೆಗೆ ಊರಿಗೆ ಬಂದಾಗ ಹಂಪಿಗೆ ಹೋದೆವು. ಗೈಡ್ ರಾಜರ ಹೆಸರು ಹೇಳುತ್ತಲೇ ಇದ್ದ. ನಾವಿಬ್ಬರೂ ಗೋಡೆಯ ಮೇಲೆ ಕೈಯಿಟ್ಟು ನಿಂತಿದ್ದೆವು.