ಪರದೆಯೊಳಗಿನ ಹಸಿರು ಸೇವಂತಿಗೆ

ಕದ್ದು ತಂದ ಗಿಡ ಚೆನ್ನಾಗಿ ಬರುತ್ತದೆ ಎಂಬ ನಂಬಿಕೆ ನಮ್ಮ ಕಡೆಯ ಹೆಂಗಸರಲ್ಲಿದೆ. ಕೇಳಿ ತಂದರೆ ಒಣಗುತ್ತದಂತೆ. ಡಿಗ್ರಿಯಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದ ನಾನೂ ಇದನ್ನು ನಂಬಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಕೆಂಗೇರಿ ಆಚೆಗಿದ್ದ ನಮ್ಮ ಹೊಲವೆಲ್ಲ ಆ ಹೊತ್ತಿಗೆ ಸೈಟಾಗಿ ಹೋಗಿತ್ತು. ಉಳಿದಿದ್ದು ಮನೆ ಹಿಂದಿನ ಒಂದು ಪಟ್ಟಿ ನೆಲ. ಅದರಲ್ಲಿ ಅಮ್ಮ ಸೇವಂತಿಗೆ ಬೆಳೆದು ವಿಜಯನಗರದ ಮಾರ್ಕೆಟ್ಟಿಗೆ ಕಳಿಸುತ್ತಿದ್ದಳು. ಅಪ್ಪನಿಗೆ ಅದನ್ನೂ ಗೋಡೌನಿಗೆ ಕೊಟ್ಟುಬಿಡುವ ಆತುರ. "ಹೂ ಆಗೋವರ್ಗೂ ನಿಂದು. ಒಂದು ವರ್ಷ ತಪ್ತೋ, ನಂದು," ಎಂದು ಅವಳಿಂದ ಮಾತು ತೆಗೆದುಕೊಂಡಿದ್ದ. ಅಮ್ಮ ನಕ್ಕಿದ್ದಳು. ಅವಳ ಕೈಯಲ್ಲಿ ಸೇವಂತಿಗೆ ತಪ್ಪಿದ್ದೇ ಇಲ್ಲ.

ನಮಗೆ ಪಾಠ ಮಾಡುತ್ತಿದ್ದ ಮೇಷ್ಟರಿಗೆ ಗಿಡ ನೋಡಿ ವಸ್ತು ಮಾಡುವ ಹುಚ್ಚು. ಕೆಸುವಿನ ಎಲೆಗೆ ನೀರು ಅಂಟುವುದಿಲ್ಲವಲ್ಲ, ಹಾಗೆ ಒದ್ದೆಯಾಗದ ಗೋಡೆ ಬಣ್ಣ ಮಾಡಬಹುದು ಎನ್ನುತ್ತಿದ್ದರು. ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ಕಾಲೇಜಿನ ಹಿತ್ತಲಲ್ಲಿ ಸಣ್ಣ ಕಣ್ಣಿನ ಪರದೆ ಕಟ್ಟಿದ ಅವರದೊಂದು ಗೂಡಿತ್ತು. ಒಳಗೆ ಸೇವಂತಿಗೆ, ಹೂವಿನ ಎಸಳೆಲ್ಲ ಹಸಿರು! ಮೇಷ್ಟರು ಹೊಸ ತಳಿಯನ್ನೇ ಮಾಡಿದ್ದಾರೆ ಎಂದುಕೊಂಡೆ. ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಿದರೆ ಒಣಗುತ್ತದಲ್ಲ! ಮಧ್ಯಾಹ್ನ ಪರದೆ ಎತ್ತಿ, ಬುಡದಲ್ಲಿ ಚಿಗುರಿ ಬೇರು ಬಿಟ್ಟಿದ್ದ ಎರಡು ಕಂದು ಕಿತ್ತು ಟಿಫನ್ ಡಬ್ಬಿಗೆ ಹಾಕಿಕೊಂಡೆ. ನಾಯಂಡಹಳ್ಳಿಯ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತಷ್ಟು ಹೊತ್ತೂ ಎಲ್ಲಿ ಬಾಡುತ್ತವೋ ಎಂದು ಒದ್ದಾಡಿದೆ.

"ಯಾರ್ ಕೊಟ್ರೇ?" ಎಂದಳು ಅಮ್ಮ.

"ಯಾರೂ ಕೊಡ್ಲಿಲ್ಲ, ಕದ್ದೆ."

"ಹಂಗಾದ್ರೆ ಚೆನ್ನಾಗ್ ಬರುತ್ತೆ ಬಿಡು," ಎಂದು ಸಾಲಿನ ನಡುವೆಯೇ ನೆಟ್ಟಳು.

ಬಂತು, ಬರದೇ ಏನು! ಮುಂದಿನ ಹಬ್ಬದ ಹೊತ್ತಿಗೆ ಇಡೀ ಪಟ್ಟಿ ಪೊರಕೆಯಂತೆ ಪೊದೆಗಟ್ಟಿತ್ತು. ಚಿಕ್ಕಚಿಕ್ಕ ಎಲೆ, ಮೊಗ್ಗಿರಬೇಕಾದ ಕಡೆಯೂ ಎಲೆ. ಹಳದಿ ಎಸಳು ಒಂದೂ ಇಲ್ಲ. ಹೆದರಿ ಮೇಷ್ಟರಿಗೆ ಹೇಳಿದೆ. ಕದ್ದದ್ದನ್ನು ಮಾತ್ರ ನುಂಗಿಕೊಂಡೆ.

ಭಾನುವಾರ ಅವರು ಸ್ಕೂಟರಿನಲ್ಲಿ ಬಂದರು. ಬಗ್ಗಿ ನೋಡಿ, "ಅದ್ಭುತ!" ಎಂದರು. ಅಮ್ಮನ ಬದುಕು ಹಾಳಾಗಿ ನಿಂತಿದೆ, ಇವರಿಗೆ ಅದ್ಭುತ! ಕ್ಯಾಮೆರಾದ ರೀಲು ಮುಗಿಯುವವರೆಗೂ ಫೋಟೋ ತೆಗೆದರು.

"ಇದು ರೋಗ ಕಣಮ್ಮ. ಜಿಗಿಹುಳ ರಸ ಹೀರೋವಾಗ ಒಂದು ಸೂಕ್ಷ್ಮಜೀವಿ ಗಿಡದೊಳಕ್ಕೆ ಹೋಗುತ್ತೆ. ಹೂ ಆಗ್ಬೇಕಾದ್ದನ್ನ ಎಲೆ ಮಾಡ್ಸುತ್ತೆ. ಎಲೆಗೆ ಹುಳ ಬರುತ್ತೆ, ಹುಳದ ಜೊತೆ ಅದು ಪಕ್ಕದ ಗಿಡಕ್ಕೆ ಹೋಗುತ್ತೆ. ಗಿಡ ಬದುಕಿದ್ರೂ ಅದರ ಚಾಕರೀನೇ. ಆ ಉಪಾಯ ನಾವು ಕಲಿತ್ರೆ, ಬೇಕಾದಾಗ ಸೊಪ್ಪು, ಬೇಕಾದಾಗ ಹೂ ಕೊಡೋ ಗಿಡ ಮಾಡ್ಬೋದು!"

ಹುಳ ಹೊರಗೆ ಬಾರದಿರಲಿ ಎಂದೇ ಪರದೆ ಕಟ್ಟಿದ್ದರೆಂದು ನನಗೆ ಆಗ ಹೊಳೆಯಿತು.

"ಇವು ಹೂ ಬಿಡುತ್ವಾ ಸಾರ್?" ಅಮ್ಮ ಕೇಳಿದ್ದು ಇಷ್ಟೇ.

"ಇಲ್ಲಮ್ಮ. ಎಲ್ಲಾ ಕಿತ್ತು ಸುಡ್ಬೇಕು. ಎಲ್ಲಿಂದ ಬಂತು ಇದು?"

ಅಪ್ಪ ಅಲ್ಲೇ ನಿಂತಿದ್ದ. ಅಮ್ಮ ನನ್ನ ಕಡೆ ತಿರುಗಲೂ ಇಲ್ಲ. "ನಾನೇ ಮಾರ್ಕೆಟ್ಟಿಂದ ತಂದೆ ಸಾರ್, ಬಣ್ಣ ಚೆನ್ನಾಗಿತ್ತು," ಎಂದಳು. ಮೇಷ್ಟರು ನನ್ನನ್ನೊಮ್ಮೆ ನೋಡಿ ಕ್ಯಾಮೆರಾ ಚೀಲಕ್ಕೆ ಹಾಕಿಕೊಂಡರು.

ಗಿಡಗಳನ್ನೆಲ್ಲ ಅಮ್ಮ ಒಬ್ಬಳೇ ಕಿತ್ತಳು. ಅಲ್ಲಿ ಗೋಡೌನು ಎದ್ದಿತು. ಮೇಷ್ಟರ ಮುಖ ನೋಡಲಾರದೆ ನಾನು ಆ ವರ್ಷವೇ ಕಾಲೇಜು ಬಿಟ್ಟೆ, ಓದು ತಲೆಗೆ ಹತ್ತುತ್ತಿಲ್ಲವೆಂದು ಮನೆಯಲ್ಲಿ ಸುಳ್ಳು ಹೇಳಿದೆ. ಅಪ್ಪ ಮಾತ್ರ ನೆಂಟರು ಬಂದಾಗಲೆಲ್ಲ ಅಮ್ಮನ ಕಡೆ ಕೈ ತೋರಿಸಿ, "ಇವ್ಳ ಹಸಿರು ಹೂವಿನ ಆಸೇಗೆ ಪಟ್ಟಿ ಹೋಯ್ತು," ಎನ್ನುತ್ತಿದ್ದ. ಗೋಡೌನಿಗೆ ಕೊಡಲು ಕಾದಿದ್ದವನು ತಾನೇ! ಅಮ್ಮ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ನಾನು ಎದುರಿಗೇ ಕೂತಿರುತ್ತಿದ್ದೆ.

ಅಪ್ಪ ತೀರಿಕೊಂಡ ಮೇಲೆ ಒಂದು ದಿನ ಧೈರ್ಯ ಮಾಡಿ ಕೇಳಿದೆ, ಆವತ್ತು ಯಾಕಮ್ಮ ಹಾಗೆಂದೆ ಎಂದು.

"ನಿಜ ಹೇಳಿದ್ರೆ ನಿಮ್ಮಪ್ಪ ನಿನ್ ಕಾಲೇಜು ಬಿಡಿಸ್ತಿದ್ರು ಕಣೇ," ಎಂದಳು. "ಪಟ್ಟಿ ಹೆಂಗೂ ಹೋಗಿತ್ತು. ನೀನಾದ್ರೂ ಓದ್ಲಿ ಅಂತ."