ಕಂಡಕ್ಟರ್ ರತ್ನಮ್ಮನವರ ಸೋಲಾರ್ ವಾಚು

ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾದ ಮರುವರ್ಷ, ಅಂದರೆ ೨೦೨೪ರಲ್ಲಿ, ನಾನು ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ ಆರಡಿ ಅಗಲದ ವಾಚ್ ರಿಪೇರಿ ಅಂಗಡಿ ನಡೆಸುತ್ತಿದ್ದೆ. ಈಗಲೂ ನಡೆಸುತ್ತಿದ್ದೇನೆ. ಅದಕ್ಕೂ ಮೊದಲು ಹದಿನೇಳು ವರ್ಷ ವಾಚ್ ಕಾರ್ಖಾನೆಯೊಂದರ ಜೋಡಣೆ ವಿಭಾಗದಲ್ಲಿದ್ದು, ಸ್ವಯಂ ನಿವೃತ್ತಿ ತೆಗೆದುಕೊಂಡು ಹೊರಬಂದವಳು. ಅಲ್ಲಿ ನಾನೇ ಜೋಡಿಸಿದ ಕೀಲಿ ಕೊಡುವ ವಾಚು ಇವತ್ತಿಗೂ ನನ್ನ ಕೈಯಲ್ಲಿದೆ. ಅಂಗಡಿ ತೆರೆದ ಹೊಸದರಲ್ಲಿ ಬಂದವರೆಲ್ಲ ಒಳಗೆ ಇಣುಕಿ, "ಯಜಮಾನ್ರು ಇಲ್ವಾ ಅಮ್ಮ?" ಎಂದು ಕೇಳುತ್ತಿದ್ದರು. "ನಾನೇ ಯಜಮಾನ್ರು. ಏನಾಗಿದೆ, ಕೊಡಿ" ಎನ್ನುತ್ತಿದ್ದೆ. ಎರಡು ರಿಪೇರಿ ಆದಮೇಲೆ ಯಾರೂ ಕೇಳಲಿಲ್ಲ. ಹೀಗಾಗಿ ವಾಚಿನ ವಿಷಯದಲ್ಲಿ ನನಗೆ ಸ್ವಲ್ಪ ಜಂಬ ಇತ್ತೆಂದು ಒಪ್ಪಿಕೊಳ್ಳುತ್ತೇನೆ. ಆ ಜಂಬ ಇಳಿಸಿದ್ದು ಸಿಟಿ ಬಸ್ ಕಂಡಕ್ಟರ್ ರತ್ನಮ್ಮನವರ ವಾಚು.

ಆಕೆ ಮೊದಲ ಸಲ ಬಂದದ್ದು ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಖಾಕಿ ಸಮವಸ್ತ್ರದಲ್ಲೇ. ಚೀಲದಿಂದ ಒಂದು ಡಬ್ಬಿ ತೆಗೆದು, ಅದರೊಳಗಿನ ಕರ್ಚೀಫು ಬಿಡಿಸಿ, ವಾಚನ್ನು ಗಾಜಿನ ಮೇಲಿಟ್ಟರು. ಸೋಲಾರ್ ವಾಚು, ನೀಲಿ ಡಯಲ್, ಉಕ್ಕಿನ ಚೈನು, ಹೊಸದು. ಮುಳ್ಳು ನಿಂತಿತ್ತು.

"ನಮ್ಮ ಹುಡುಗನಿಗೆ ಹೆಣ್ಣು ಗೊತ್ತಾಗಿದೆ ಮೇಡಂ. ಪಲ್ಲವಿ ಅಂತ. ನಿಶ್ಚಿತಾರ್ಥದ ದಿನ ಆ ಮಗು ತನ್ನ ಸಂಬಳದಲ್ಲಿ ಇದನ್ನ ತಂದು ನನ್ನ ಕೈಗೆ ಕಟ್ತು. ಒಂದೂವರೆ ತಿಂಗಳಿಗೇ ನಿಂತ್ಹೋಯ್ತು."

"ವಾರಂಟಿ ಇರುತ್ತಲ್ಲ, ಕೊಂಡ ಅಂಗಡಿಯವರನ್ನೇ ಕೇಳಬಹುದಿತ್ತು."

"ವಾರಂಟಿ ಕಾರ್ಡು ಅವಳ ಹತ್ರ ಇದೆ. ಕೇಳಿದ್ರೆ ಅವಳಿಗೆ ಗೊತ್ತಾಗ್ಬಿಡತ್ತೆ."

ಗೊತ್ತಾದರೆ ಏನು ಎಂದು ನಾನು ಕೇಳಿದೆ. ಆಗ ಬಂತು ನಿಜವಾದ ವಿಷಯ. ರತ್ನಮ್ಮನವರ ಗಂಡ ತೀರಿಕೊಂಡಾಗ ಸಂಸಾರಕ್ಕೆ ಆಸರೆಯಾಗಿದ್ದವರು ಆಕೆಯ ಒಡಹುಟ್ಟಿದ ಅಕ್ಕ. ಮತ್ತಿಕೆರೆಯ ಅವರ ಮನೆಯಲ್ಲಿ ಅಕ್ಕನ ಮಾತೆಂದರೆ ಮಾತು. ವಾಚು ನಿಂತಿದ್ದನ್ನು ಆಕೆ ನೋಡಿಬಿಟ್ಟಿದ್ದರು. "ಕೊಟ್ಟು ಎರಡು ತಿಂಗಳಾಗಿಲ್ಲ, ನಿಂತೇ ಹೋಯ್ತಲ್ಲ. ಆ ಹುಡುಗಿ ಕಾಲ್ಗುಣ ಎಂಥದೋ" ಎಂದು ಬಾಯಿಬಿಟ್ಟಿದ್ದರು. ಈ ಮಾತು ಪಲ್ಲವಿಯ ಕಿವಿಗೆ ಬೀಳಬಾರದು, ಮದುವೆ ಮೇ ತಿಂಗಳಲ್ಲಿ.

"ಕಾಲ್ಗುಣ ಸರಿ ಇಲ್ಲ ಅಂತ ಒಂದ್ಸಲ ಹೆಸರು ಬಂದ್ರೆ ಹಾಲು ಉಕ್ಕಿದ್ರೂ ಅವಳದೇ ತಪ್ಪಾಗತ್ತೆ ಮೇಡಂ. ನಾನು ಸೊಸೆಯಾಗಿ ಅದನ್ನೆಲ್ಲ ಅನುಭವಿಸಿದೀನಿ. ನಿಂತಿದ್ರೂ ದಿನಾ ಕಟ್ಕೊಂಡೇ ಡ್ಯೂಟಿಗೆ ಹೋಗ್ತೀನಿ. ಟೈಮ್ ಪ್ಯಾಸೆಂಜರ್‌ನ ಕೇಳ್ತೀನಿ. ಹೇಗಾದ್ರೂ ಓಡ್ಸಿ ಕೊಡಿ."

ಆ ಮಾತು ಕೇಳಿ ನನಗೆ ಆಕೆಯ ಮೇಲೆ ಪ್ರೀತಿ ಬಂದುಬಿಟ್ಟಿತು.

ಸೋಲಾರ್ ವಾಚಿನ ಸಂಗತಿಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಅದರ ಡಯಲ್ ನೋಡುವುದಕ್ಕೆ ಮಾಮೂಲಿನಂತಿದ್ದರೂ ತನ್ನ ಮೂಲಕ ಬೆಳಕನ್ನು ಒಳಕ್ಕೆ ಬಿಡುತ್ತದೆ. ಅದರ ಕೆಳಗೆ ಸೋಲಾರ್ ತಗಡು, ಆ ತಗಡಿನಿಂದ ಚಾರ್ಜ್ ಆಗುವ ಪುಟ್ಟ ಸೆಲ್ಲು. ಅದರ ಜಾಗಕ್ಕೆ ಸಾಧಾರಣ ಬ್ಯಾಟರಿ ಹಾಕಬಾರದು, ಹಾಕಿದರೆ ಅದು ಸೋರಿ ಇಡೀ ಯಂತ್ರ ಹಾಳಾಗುತ್ತದೆ. ಚಾರ್ಜ್ ಕಡಿಮೆಯಾದಾಗ ಸೆಕೆಂಡಿನ ಮುಳ್ಳು ಒಂದೊಂದೇ ಹೆಜ್ಜೆ ಇಡುವ ಬದಲು ಎರಡೆರಡು ಸೆಕೆಂಡು ಒಟ್ಟಿಗೆ ಹಾರುತ್ತದೆ. ಹಸಿವಾಗಿದೆ ಎಂದು ವಾಚು ಹೇಳುವ ರೀತಿ ಅದು.

ನಾನು ರತ್ನಮ್ಮನವರ ವಾಚನ್ನು ಒಂದು ದಿನ ಟೇಬಲ್ ಲ್ಯಾಂಪಿನ ಕೆಳಗಿಟ್ಟೆ. ಸಂಜೆಗೆ ಚೆನ್ನಾಗಿ ಓಡುತ್ತಿತ್ತು. "ಬೆಳಕು ಸಾಲದೆ ನಿಂತಿತ್ತು, ಅಷ್ಟೆ" ಎಂದು ಹೇಳಿ ಕೊಟ್ಟೆ. ಆಕೆ ನಕ್ಕರು. "ದಿನವಿಡೀ ಬೀದಿ ಸುತ್ತೋ ಕೆಲ್ಸ ನಂದು. ನನಗೆ ಬೆಳಕಿಗೆ ಬರವಾ ಮೇಡಂ?"

ಒಂಬತ್ತು ದಿನಕ್ಕೆ ಡಬ್ಬಿ ಮತ್ತೆ ಬಂತು. ಈ ಸಲ ಸೆಲ್ಲೇ ದುರ್ಬಲ ಎಂದು ತೀರ್ಮಾನಿಸಿದೆ. ಬಳೇಪೇಟೆಯ ಸಂದಿಗಳಲ್ಲಿ ಅರ್ಧ ದಿನ ಅಲೆದು ಅದೇ ನಂಬರಿನ ಹೊಸ ಸೆಲ್ಲು ತಂದು ಹಾಕಿದೆ. ಸೋಲಾರ್ ತಗಡನ್ನು ಮೀಟರಿನಲ್ಲಿ ಪರೀಕ್ಷಿಸಿದೆ, ಲೋಪವಿಲ್ಲ. ನೀರು ಹೋಗದಂತೆ ರಬ್ಬರ್ ರಿಂಗನ್ನೂ ಬದಲಿಸಿದೆ. ನಾಲ್ಕು ದಿನ ಅಂಗಡಿಯಲ್ಲೇ ಇಟ್ಟು ನೋಡಿದೆ. ಒಂದು ಸೆಕೆಂಡೂ ಹಿಂದೆ ಬೀಳಲಿಲ್ಲ. "ಇನ್ನು ಇದು ನಿಂತರೆ ನನ್ನ ಅಂಗಡಿ ಮುಚ್ಚುತ್ತೇನೆ" ಎಂದುಬಿಟ್ಟೆ. ಬಾಯಿಗೆ ಬೀಗ ಇರಬೇಕಿತ್ತು.

ಮೂರು ವಾರ ಕಳೆದ ಮೇಲೆ ಫೋನು ಬಂತು. "ಮೇಡಂ, ಮುಳ್ಳು ಮತ್ತೆ ಎರಡೆರಡು ಹಾರ್ತಿದೆ. ಮದುವೆಗೆ ಹನ್ನೆರಡು ದಿನ ಇದೆ. ಅಕ್ಕ ನಿನ್ನೆನೇ ಕೈ ಹಿಡ್ಕೊಂಡು ನೋಡಿದ್ಲು. ಓಡ್ತಿತ್ತು, ಬಚಾವಾದೆ." ಅಂಗಡಿ ಯಾವಾಗ ಮುಚ್ಚುತ್ತೀರಿ ಎಂದು ಆಕೆ ಕೇಳಲಿಲ್ಲ. ಅದು ಅವರ ದೊಡ್ಡತನ. ನನಗೆ ಮಾತ್ರ ಊಟ ಸೇರಲಿಲ್ಲ. ಬೇರೆ ವಾಚು ತಂದುಕೊಟ್ಟು ಕೈ ತೊಳೆದುಕೊಳ್ಳೋಣ ಎನಿಸಿತು. ಆದರೆ ಆ ಹುಡುಗಿ ಕೊಟ್ಟದ್ದು ಇದು, ಓಡಬೇಕಾದದ್ದೂ ಇದೇ.

ಮಾರನೆಯ ದಿನ ಮಲ್ಲೇಶ್ವರದಲ್ಲಿ ನೆಂಟರ ಮನೆಗೆ ಹೋಗಬೇಕಿತ್ತು. ಬೆಳಿಗ್ಗೆ ಹತ್ತರ ಹೊತ್ತಿಗೆ ಬಸ್ ಹತ್ತಿ ಕಿಟಕಿ ಪಕ್ಕ ಕುಳಿತರೆ, ಟಿಕೆಟ್ ಮಷೀನು ಹಿಡಿದು ಬಂದವರು ರತ್ನಮ್ಮ. ಉಚಿತ ಟಿಕೆಟ್ ಹರಿದು ಕೊಡುತ್ತಾ, "ತಗೊಳ್ಳಿ, ಸೊನ್ನೆ ರೂಪಾಯಿ. ಚಿಲ್ಲರೆ ಕೇಳ್ಬೇಡಿ" ಎಂದರು. ಇಬ್ಬರೂ ನಕ್ಕೆವು. ಮೆಜೆಸ್ಟಿಕ್ ದಾಟಿ ರಶ್ಶು ಕಡಿಮೆಯಾದ ಮೇಲೆ ನನ್ನ ಪಕ್ಕ ಬಂದು ನಿಂತರು. "ನಿಮ್ಮದರಲ್ಲಿ ಎಷ್ಟು ಮೇಡಂ? ನಂದು ಸರಿ ಇದೆಯೋ ನೋಡೋಣ."

ಇಬ್ಬರೂ ಒಟ್ಟಿಗೆ ಕೈ ನೋಡಿಕೊಂಡೆವು. ಇಬ್ಬರೂ ಅಂಗೈ ಮೇಲೆ ಮಾಡಿ, ಮಣಿಕಟ್ಟಿನ ಒಳಭಾಗವನ್ನು ನೋಡಿಕೊಂಡೆವು.

ಮಷೀನು ಸರಿಯಾಗಿ ಹಿಡಿಯಲು ಆಕೆ ಕೈಯನ್ನು ಮತ್ತೆ ಎದೆಯ ಹತ್ತಿರ ತಂದರು. ಕಿಟಕಿಯ ಬಿಸಿಲು ಆಕೆಯ ಕೈಮೇಲೆ ಧಾರಾಳವಾಗಿ ಬೀಳುತ್ತಿತ್ತು, ಆದರೆ ಬೀಳುತ್ತಿದ್ದುದು ಚೈನಿನ ಕೊಂಡಿಯ ಮೇಲೆ. ಡಯಲ್ ಒಳಗಡೆ, ಉದ್ದ ತೋಳಿನ ಖಾಕಿಯ ಮರೆಯಲ್ಲಿ, ಎದೆಗೆ ಮುಖಮಾಡಿಕೊಂಡಿತ್ತು.

"ಯಾವಾಗಲೂ ಹೀಗೇ ಕಟ್ತೀರಾ?"

"ಇಪ್ಪತ್ತಾರು ವರ್ಷದಿಂದ. ಎಡಗೈಲಿ ಮಷೀನ್ ಇರತ್ತೆ, ಹೀಗಿದ್ರೆ ಕೈ ತಿರುಗಿಸ್ದೇನೇ ಟೈಮ್ ಕಾಣತ್ತೆ. ಹೊರಗೆ ಕಟ್ಟಿದ್ರೆ ಕಂಬಿಗೆ ತಾಗಿ ಗಾಜು ಹೋಗತ್ತೆ."

"ರಜೆ ದಿನ?"

"ಡಬ್ಬೀಲಿಟ್ಟು ಬೀರುಗೆ ಹಾಕ್ತೀನಿ. ಸೊಸೆ ಕೊಟ್ಟಿದ್ದಲ್ವಾ, ಜೋಪಾನ ಮಾಡ್ಬೇಕಲ್ಲ."

ಜೋಪಾನವೇ ಅದರ ರೋಗವಾಗಿತ್ತು. ಮೂರು ತಿಂಗಳಲ್ಲಿ ಆ ವಾಚು ಸೂರ್ಯನ ಮುಖವನ್ನೇ ನೋಡಿರಲಿಲ್ಲ, ನನ್ನ ಅಂಗಡಿಗೆ ಬರುವ ದಾರಿಯಲ್ಲೂ ಕರ್ಚೀಫಿನೊಳಗಿತ್ತು. ಇನ್ನು ನನ್ನ ಕಥೆಯೇನು? ಕಾರ್ಖಾನೆಯಲ್ಲಿ ಬೆಂಚಿಗೆ ಗಾಜು ಉಜ್ಜದಿರಲೆಂದು ನಾವು ಹೆಂಗಸರೆಲ್ಲ ಹೀಗೆಯೇ ಕಟ್ಟುತ್ತಿದ್ದೆವು. ದಿನಾ ಕಣ್ಣೆದುರಿಗೆ, ನನ್ನ ಕೈಯಲ್ಲೇ ಇದ್ದ ಉತ್ತರವನ್ನು ನಾನು ಬಳೇಪೇಟೆಯಲ್ಲಿ ಹುಡುಕಿದ್ದೆ. ವಿಷಯ ತಿಳಿದು ರತ್ನಮ್ಮ ಬಸ್ಸಿನ ಕಂಬಿ ಹಿಡಿದುಕೊಂಡು ನಕ್ಕಿದ್ದು ನೋಡಿ ಡ್ರೈವರ್ ಕನ್ನಡಿಯಲ್ಲೇ "ಏನ್ ರತ್ನಕ್ಕ, ನಮಗೂ ಹೇಳಿ" ಎಂದ.

ಅಭ್ಯಾಸ ಬಿಡಿ ಎಂದು ನಾನು ಹೇಳಲಿಲ್ಲ. ಡ್ಯೂಟಿ ಮುಗಿದ ಮೇಲೆ ಡಬ್ಬಿಗೆ ಹಾಕದೆ ಕಿಟಕಿಯ ಹತ್ತಿರ ಡಯಲ್ ಮೇಲಾಗಿ ಇಡಿ, ವಾರದ ರಜೆಯಲ್ಲಿ ಬೆಳಗಿನ ಎಳೆಬಿಸಿಲು ಕೊಡಿ ಎಂದೆ. ಉರಿಬಿಸಿಲಲ್ಲಿ ಬಿಟ್ಟರೆ ಸೆಲ್ಲಿಗೆ ಒಳ್ಳೆಯದಲ್ಲ ಎಂಬುದನ್ನು ಎರಡು ಸಲ ಹೇಳಿದೆ, ಏಕೆಂದರೆ ಆಕೆ ಆಗಲೇ ತಾರಸಿ ಮೇಲೆ ಸಂಡಿಗೆ ಜೊತೆ ಒಣಗಿಸುವ ಯೋಚನೆಯಲ್ಲಿದ್ದರು. "ಮದುವೆ ದಿನ ಮಾತ್ರ ಹೊರಗಡೆ ಕಟ್ಟಿ. ನಿಮ್ಮ ಅಕ್ಕ ದೂರದಿಂದಲೇ ನೋಡಲಿ."

ಮದುವೆಗೆ ನನಗೂ ಕರೆಯಿತ್ತು. ಧಾರೆಯ ಮುಹೂರ್ತ ಹತ್ತು ಗಂಟೆಯೊಳಗೆ. ಮಂಟಪದ ಪಕ್ಕ ನಿಂತ ಅಕ್ಕ, ನೆಂಟರೆಲ್ಲ ಕೇಳುವಂತೆ, "ರತ್ನಾ, ಟೈಮ್ ಎಷ್ಟಾಯ್ತೇ?" ಎಂದರು. ರತ್ನಮ್ಮ ಅಭ್ಯಾಸಬಲದಿಂದ ಅಂಗೈ ಮೇಲೆ ಮಾಡಿದರು. ಅಲ್ಲಿ ಬರೀ ಕೊಂಡಿ. ಒಂದು ಕ್ಷಣ ಕಕ್ಕಾಬಿಕ್ಕಿಯಾಗಿ, ಆಮೇಲೆ ಕೈ ತಿರುವಿ, "ಒಂಬತ್ತು ನಲವತ್ತೆರಡು" ಎಂದರು. ಪುರೋಹಿತರು ತಮ್ಮ ಫೋನು ನೋಡಿಕೊಂಡು, "ಸರಿಯಾಗಿದೆ, ಇನ್ನೂ ಹೊತ್ತಿದೆ" ಎಂದರು. ಅಕ್ಕ ತಂಗಿಯ ಕೈಯನ್ನು ಹತ್ತಿರ ಎಳೆದು ಸೆಕೆಂಡಿನ ಮುಳ್ಳು ನೋಡಿದರು. ಒಂದೊಂದೇ ಹೆಜ್ಜೆ ಇಡುತ್ತಿತ್ತು. "ಪರವಾಗಿಲ್ಲ, ಗಟ್ಟಿ ವಾಚೇ ತಂದಿದಾಳೆ" ಎಂದರು. ನಾನು ಎರಡು ಹೋಳಿಗೆ ಹೆಚ್ಚಿಗೆ ತಿಂದೆ.

ಊಟವಾದ ಮೇಲೆ ಪಲ್ಲವಿಗೆ ಅಕ್ಷತೆ ಹಾಕಲು ಹೋದೆ. ರತ್ನಮ್ಮ ನನ್ನನ್ನು "ನಮ್ಮ ಸ್ನೇಹಿತರು" ಎಂದಷ್ಟೇ ಪರಿಚಯಿಸಿ ಅತ್ತ ಹೋದರು. ಹುಡುಗಿ ಬಗ್ಗಿ ನನ್ನ ಕಿವಿಯ ಹತ್ತಿರ, "ವಾಚ್ ಸರಿ ಮಾಡಿದ್ದು ನೀವೇ ಅಲ್ವಾ ಆಂಟಿ?" ಎಂದಳು.

ನನಗೆ ದಿಗಿಲಾಯಿತು. "ನಿನಗೆ ಯಾರು ಹೇಳಿದ್ರಮ್ಮ?"

"ಯಾರೂ ಹೇಳಿಲ್ಲ. ಟೈಮ್ ಕೇಳಿದಾಗ ನೀವು ಆ ವಾಚನ್ನೇ ನೋಡ್ತಿದ್ರಿ, ಅದಕ್ಕೇ ಊಹಿಸ್ದೆ, ಅದು ನಿಂತಿದ್ದು ನಂಗೆ ಮೊದ್ಲೇ ಗೊತ್ತಿತ್ತು. ಒಂದಿನ ಅತ್ತೆ ಬಸ್ಸಲ್ಲೇ ಹಿಂದಿನ ಸೀಟಲ್ಲಿದ್ದೆ. ಅವರು ನನ್ನ ನೋಡ್ಲಿಲ್ಲ. ಕೈಲಿ ನಾನು ಕೊಟ್ಟ ವಾಚ್ ಇದೆ, ಟೈಮ್ ಮಾತ್ರ ಪ್ಯಾಸೆಂಜರ್‌ನ ಕೇಳ್ತಿದಾರೆ. ಆ ಪ್ಯಾಸೆಂಜರ್ 'ನಿಮ್ದು ನಿಂತಿದೆಯಲ್ಲಮ್ಮ, ಬಿಚ್ಚಿಡಿ' ಅಂದ್ರು. ಅತ್ತೆ, 'ಇಲ್ಲಪ್ಪ, ನನ್ನ ಸೊಸೆ ಕೊಟ್ಟಿದ್ದು' ಅಂದ್ರು." ಅವಳ ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. "ಮದುವೆಗೆ ಮುಂಚೆ ಎಲ್ಲ ಹುಡುಗೀರಿಗೂ ಭಯ ಇರತ್ತಲ್ಲ ಆಂಟಿ. ನಂಗೆ ಅವತ್ತೇ ಹೋಯ್ತು."

ನಾನು ಉಳಿದ ಅಕ್ಷತೆಯನ್ನೆಲ್ಲ ಒಟ್ಟಿಗೆ ಅವಳ ತಲೆಗೆ ಸುರಿದೆ.

ಆ ವಾಚು ಅಂದಿನಿಂದ ನಿಂತಿಲ್ಲ. ರತ್ನಮ್ಮ ಡ್ಯೂಟಿಯಿಂದ ಬಂದೊಡನೆ ಅದನ್ನು ಕಿಟಕಿಯಲ್ಲಿಡುವ ಕೆಲಸವನ್ನು ಈಗ ಪಲ್ಲವಿ ವಹಿಸಿಕೊಂಡಿದ್ದಾಳಂತೆ. ನಾನೂ ಒಂದು ಪಾಠ ಕಲಿತೆ. ಮೊದಲೆಲ್ಲ ಗಿರಾಕಿ ಬಂದರೆ ವಾಚು ಇಸಿದುಕೊಂಡು ನೇರ ಹಿಂಬದಿಯ ಮುಚ್ಚಳ ತೆರೆಯುತ್ತಿದ್ದೆ. ಈಗ ಯಾರೇ ಬರಲಿ, ಒಂದೇ ಮಾತು: "ಮೊದಲು ಕೈಗೆ ಕಟ್ಟಿ ತೋರ್ಸಿ."